ಸಸ್ಪೆನ್ಷನ್ ಬುಷ್ ಬದಲಾವಣೆ: ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ

ಕಾರಿನ ಚಾಸಿಗೂ ಚಕ್ರವನ್ನು ಹಿಡಿದಿರುವ ಆರ್ಮ್‌ಗಳಿಗೂ ನಡುವಿನ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳು ಸವೆದಾಗ ಇಲ್ಲವೆ ಬಿರಿದಾಗ ಅವನ್ನು ತೆಗೆದು ಹೊಸವನ್ನು ಕೂರಿಸುವ ದುರಸ್ತಿ. ಗ್ಯಾರೇಜಿನ ಮಾತಿನಲ್ಲಿ ‘ಆರ್ಮ್ ಬುಷ್ ಕೆಲಸ’. ಮನೆಮಂದಿಯ ಕಾರಿನಲ್ಲಿ ಬುಷ್ ಹೋದರೆ ಹಂಪ್ ಹತ್ತಿಳಿಯುವಾಗ ಟಕ್ ಟಕ್ ಎನ್ನುತ್ತದೆ. ಮಾಲೀಕರು ಹೇಗೋ ಕೆಲವು ತಿಂಗಳು ದೂಡುತ್ತಾರೆ. ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುವುದೇ ಗುಣವಾಗಿರುವ ಸ್ಪೋರ್ಟ್ಸ್ ಕಾರು ಮಾತ್ರ ಬುಷ್ ಸಡಿಲವಾದರೆ ತನ್ನತನವನ್ನೇ ಕಳೆದುಕೊಳ್ಳುತ್ತದೆ. ಓಡದೆ ಶೆಡ್ಡಿನಲ್ಲಿ ನಿಂತ ಕಾರಿನ ಬುಷ್ ಕೂಡ ಕೆಡುತ್ತದೆ. ಗಾಳಿಯ ಓಝೋನ್, ಬಿಸಿಲು, ಸೋರುವ ಎಣ್ಣೆ ರಬ್ಬರನ್ನು ಬಿರಿಸುತ್ತವೆ ಅಥವಾ ಉಬ್ಬಿಸುತ್ತವೆ.

ಇತಿಹಾಸ

ಮೊದಮೊದಲ ಕಾರುಗಳ ಕೀಲುಗಳಲ್ಲಿ ಇದ್ದದ್ದು ಕಂಚಿನ ಬುಷ್ ಮತ್ತು ಉಕ್ಕಿನ ಪಿನ್ನು. ಪದೇಪದೇ ಗ್ರೀಸ್ ಹೊಡೆಯದಿದ್ದರೆ ಅವು ಸವೆದು ಕಿರುಗುಟ್ಟುತ್ತಿದ್ದವು. 1920ರ ದಶಕದಲ್ಲಿ ಎಂಜಿನಿಯರ್ ಲಿಯೋನ್ ತಿಯರಿ ಎರಡು ಉಕ್ಕಿನ ಕೊಳವೆಗಳ ನಡುವೆ ರಬ್ಬರನ್ನು ಒತ್ತಿ ತುಂಬಿದ ‘ಸೈಲೆಂಟ್‌ಬ್ಲಾಕ್’ ಬುಷ್ ರೂಪಿಸಿದ. ಗ್ರೀಸ್ ಬೇಡದ, ಸದ್ದಿಲ್ಲದ ಕೀಲು ಅದು. ಆ ಹೆಸರು ಇಂದಿಗೂ ಹಲವು ದೇಶಗಳ ಮೆಕ್ಯಾನಿಕ್‌ಗಳ ಬಾಯಲ್ಲಿದೆ. ಮುಂದೆ ರಬ್ಬರನ್ನು ಲೋಹಕ್ಕೇ ಅಂಟಿಸಿ ಬೇಯಿಸುವ ವಿಧಾನ ನೆಲೆಗೊಂಡಿತು.

ಇಂಗ್ಲೆಂಡಿನ ಎಂಜಿಬಿ (1962–80) ಕಾರಿನ ಕೆಳ ಆರ್ಮ್‌ನ ಒಳಕೀಲಿನಲ್ಲಿ ಇದ್ದದ್ದು ಕೈಯಿಂದಲೇ ತೂರಿಸಬಹುದಾದ ಎರಡು ತುಂಡಿನ ಸಾದಾ ರಬ್ಬರ್. 1973ರಲ್ಲಿ ಬಂದ ವಿ8 ಮಾದರಿಗೆ ಉಕ್ಕಿನ ಕೊಳವೆಯ ಗಟ್ಟಿ ಬುಷ್ ಹಾಕಿದರು. ಅದು ಹಳೆಯ ಕಾರಿನ ಆರ್ಮ್‌ನ ಕಣ್ಣಿಗೂ (ಬುಷ್ ಕೂರುವ ತೂತಿಗೂ) ಕೂರುತ್ತದೆ. ಇಂದಿಗೂ ಎಂಜಿಬಿಗೆ ಮೊದಲು ಆಲೋಚಿಸಬೇಕಾದದ್ದು ಈ ಬದಲಾವಣೆಯನ್ನೇ.

ನಮ್ಮ ಕಡೆಗೆ ಹೆಚ್ಚು ಸಲ್ಲುವುದು ಟ್ರಯಂಫ್ ಸ್ಪಿಟ್‌ಫೈರ್ (1962–80). ಅದರ ಮುಂಭಾಗದ ಸಸ್ಪೆನ್ಷನ್ ಮೂಲತಃ ಟ್ರಯಂಫ್ ಹೆರಾಲ್ಡ್‌ನದು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಹೆರಾಲ್ಡ್ ತಯಾರಿಸುತ್ತಿದ್ದುದರಿಂದ ದಕ್ಷಿಣ ಭಾರತದ ಹಳೆಯ ಮೆಕ್ಯಾನಿಕ್‌ಗಳಿಗೆ ಈ ರಚನೆ ಪರಿಚಿತ. ಮೇಲಿನ ಮತ್ತು ಕೆಳಗಿನ ಆರ್ಮ್‌ಗಳ ಒಳತುದಿಗಳಲ್ಲಿ ಎರಡೂ ಬದಿ ಸೇರಿ ಎಂಟು ಸಣ್ಣ ಬುಷ್‌ಗಳಿವೆ. ಅವನ್ನು ಬದಲಿಸಲು ಕೂತಾಗ, ಚಕ್ರವನ್ನು ಹೊತ್ತ ವರ್ಟಿಕಲ್ ಲಿಂಕ್ ತಿರುಗುವ ಕೆಳಗಿನ ತಿರುಪುಕೀಲಾದ ಟ್ರನಿಯನ್ ಅನ್ನೂ ನೋಡಲೇಬೇಕು. ಅದಕ್ಕೆ ಹಾಕಬೇಕಾದದ್ದು 90 ನಂಬರಿನ ಗೇರ್ ಆಯಿಲ್, ಗ್ರೀಸ್ ಅಲ್ಲ. ಗ್ರೀಸ್ ಗಟ್ಟಿಯಾಗಿ ತಿರುಪಿನ ಎಳೆಗಳಿಗೆ ಎಣ್ಣೆ ತಲುಪದೆ, ವರ್ಟಿಕಲ್ ಲಿಂಕ್ ಮುರಿದು ಚಕ್ರ ಮಡಚಿಕೊಂಡ ಪ್ರಸಂಗಗಳಿವೆ.

ಪತ್ತೆ

ಟೈರಿನ ಒಳಅಂಚು ಮಾತ್ರ ಸವೆಯುವುದು, ಬ್ರೇಕ್ ಒತ್ತಿದಾಗ ಒಂದು ಕಡೆ ಎಳೆಯುವುದು, ನೇರ ರಸ್ತೆಯಲ್ಲೂ ಸ್ಟೀರಿಂಗ್ ತಿದ್ದುತ್ತಲೇ ಇರಬೇಕಾಗುವುದು ಮುಖ್ಯ ಲಕ್ಷಣಗಳು. ಕಾರನ್ನು ಸ್ಟ್ಯಾಂಡ್ ಮೇಲಿಟ್ಟು ಆರ್ಮ್ ಮತ್ತು ಚಾಸಿಯ ನಡುವೆ ಲಿವರ್ ಹಾಕಿ ಮೀಟಿದರೆ ಬೋಲ್ಟಿನ ಸುತ್ತ ರಬ್ಬರ್ ಬಿಟ್ಟುಕೊಂಡಿರುವುದು ಕಣ್ಣಿಗೇ ಕಾಣುತ್ತದೆ.

ತೆಗೆಯುವುದು, ಕೂರಿಸುವುದು

ಹೊತ್ತು ಹಿಡಿಯುವುದು ತೆಗೆಯುವಾಗಲೇ. ತುಕ್ಕು ಹಿಡಿದ ಬೋಲ್ಟು ಒಳಕೊಳವೆಗೆ ಅಂಟಿಕೊಂಡಿದ್ದರೆ ಎರಡೂ ಬದಿ ಕತ್ತರಿಸುವುದೇ ದಾರಿ. ರಬ್ಬರನ್ನು ಬೆಂಕಿ ಹಚ್ಚಿ ಸುಡುವ ರೂಢಿಯಿದೆ. ಆದರೆ ಆ ಹೊಗೆ ವಿಷ, ಅಲ್ಯೂಮಿನಿಯಂ ಆರ್ಮ್‌ಗಂತೂ ಶಾಖ ತಾಗಲೇಬಾರದು. ಡ್ರಿಲ್ ಹೊಡೆದು ರಬ್ಬರ್ ಸಡಿಲಿಸಿ, ಹೊರಕೊಳವೆಯನ್ನು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಒಳಮಡಚುವುದು ಮೇಲು. ಬ್ಲೇಡು ಆರ್ಮ್‌ನ ಕಣ್ಣಿಗೆ ಇಳಿಯುವ ಮೊದಲೇ ಕೈ ತಡೆಯಬೇಕು. ಹೊಸ ಬುಷ್‌ಗೆ ಪ್ರೆಸ್ ಒಳ್ಳೆಯದು. ಇಲ್ಲದಿದ್ದರೆ ಉದ್ದನೆಯ ಬೋಲ್ಟು, ವಾಷರ್ ಮತ್ತು ದೊಡ್ಡ ಸಾಕೆಟ್ ಜೋಡಿಸಿ ಎಳೆದು ಕೂರಿಸಬಹುದು. ಒತ್ತಡ ಹೊರಕೊಳವೆಯ ಅಂಚಿನ ಮೇಲೆ ಬೀಳಬೇಕು, ರಬ್ಬರಿನ ಮೇಲಲ್ಲ. ಜಾರಲು ಸೋಪಿನ ನೀರು ಸಾಕು, ಎಂಜಿನ್ ಆಯಿಲ್ ಬೇಡ.

ಬಿಗಿಯುವ ಹಂತ

ಹೊಸ ಬುಷ್‌ಗಳಲ್ಲಿ ಬೇಗ ಸಾಯುವಂಥವು ಬಹುಪಾಲು ಹಾಳಾಗುವುದು ರಸ್ತೆಯಲ್ಲಲ್ಲ, ಈ ಹಂತದಲ್ಲಿ. ಅಂಟಿಸಿದ ರಬ್ಬರ್ ಬುಷ್ ಬೇರಿಂಗಿನಂತೆ ತಿರುಗುವುದಿಲ್ಲ. ಒಳಕೊಳವೆ ಬೋಲ್ಟಿನ ಬಿಗಿತಕ್ಕೆ ಚಾಸಿಗೆ ಕಚ್ಚಿಕೊಳ್ಳುತ್ತದೆ, ಹೊರಕೊಳವೆ ಆರ್ಮ್‌ಗೆ. ಚಕ್ರ ಏರಿಳಿದಾಗ ನಡುವಿನ ರಬ್ಬರ್ ಮಾತ್ರ ತಿರುಚಿಕೊಂಡು ಮತ್ತೆ ಮರಳುತ್ತದೆ. ಜ್ಯಾಕ್ ಮೇಲೆ ಚಕ್ರ ಜೋತಾಡುವಾಗಲೇ ನಟ್ಟು ಬಿಗಿದರೆ ಆ ಜೋತ ಸ್ಥಿತಿಯೇ ರಬ್ಬರಿಗೆ ವಿಶ್ರಾಂತಿಯ ಸ್ಥಿತಿಯಾಗುತ್ತದೆ. ಕಾರು ಇಳಿಸಿದ ಕ್ಷಣದಿಂದ ಅದು ನಿಂತಲ್ಲೂ ತಿರುಚಿಕೊಂಡೇ ಇರುತ್ತದೆ. ಗುಂಡಿ ಸಿಕ್ಕಾಗ ಇನ್ನಷ್ಟು ತಿರುಚಿ ಬೇಗನೆ ಹರಿಯುತ್ತದೆ. ಕಾರು ತುಸು ಎತ್ತರಕ್ಕೆ ನಿಂತಂತೆಯೂ ಕಾಣಬಹುದು, ರಬ್ಬರೇ ಸ್ಪ್ರಿಂಗಿನ ಕೆಲಸ ಮಾಡುತ್ತಿರುತ್ತದೆ.

ಆದ್ದರಿಂದ ನಟ್ಟುಗಳನ್ನು ಕೈಬಿಗಿಗೆ ಬಿಟ್ಟು, ಚಕ್ರ ಹಾಕಿ ಕಾರು ಇಳಿಸಿ, ಹಿಂದೆ ಮುಂದೆ ಉರುಳಿಸಿ, ಒತ್ತಿ ಕುಲುಕಿ, ಕಾರು ತನ್ನ ಭಾರದ ಮೇಲೆ ನಿಂತಾಗ ಪಿಟ್‌ಗೆ ಇಳಿದು ಟಾರ್ಕ್ ಹಾಕಬೇಕು. ಪಿಟ್ ಇಲ್ಲದವರು ಬಿಚ್ಚುವ ಮುನ್ನ ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಅಳತೆ ಬರೆದಿಟ್ಟುಕೊಂಡು, ಕೊನೆಗೆ ಕೆಳ ಆರ್ಮ್‌ಗೆ ಜ್ಯಾಕ್ ಕೊಟ್ಟು ಅದೇ ಅಳತೆಗೆ ಎತ್ತಿ ಬಿಗಿಯಬಹುದು. ಆಮೇಲೆ ವೀಲ್ ಅಲೈನ್‌ಮೆಂಟ್ ತಪ್ಪಿಸುವಂತಿಲ್ಲ.

ಪಾಲಿಯುರೆಥೇನ್

ಬಣ್ಣಬಣ್ಣದ ಪಾಲಿ ಬುಷ್‌ಗಳು ಲೋಹಕ್ಕೆ ಅಂಟಿರುವುದಿಲ್ಲ, ಕೊಳವೆಯ ಮೇಲೆ ಜಾರುತ್ತವೆ. ಹಾಗಾಗಿ ಬಿಗಿಯುವ ಎತ್ತರದ ಚಿಂತೆಯಿಲ್ಲ. ಸಿಲಿಕೋನ್ ಗ್ರೀಸ್ ಕಡಿಮೆಯಾದರೆ ಕಿರುಗುಟ್ಟುತ್ತವೆ. ಒಂದೇ ದಿಕ್ಕಿಗೆ ತಿರುಗುವ ಕೀಲಿಗೆ ಅವು ಸರಿ. ಹಿಂಭಾಗದ ಟ್ರೇಲಿಂಗ್ ಲಿಂಕ್‌ನಂತೆ ಓರೆಯಾಗಿಯೂ ಹೊರಳುವ ಕೀಲಿಗೆ ಗಟ್ಟಿ ಪಾಲಿ ಹಾಕಿದರೆ ಹಿಡಿದುಕೊಳ್ಳುತ್ತದೆ, ಆ ಒತ್ತಡವನ್ನು ಚಾಸಿಯ ಬ್ರಾಕೆಟ್ ಹೊರಬೇಕಾಗುತ್ತದೆ. ರಸ್ತೆಯಲ್ಲಿ ಓಡಿಸುವ ಹಳೆಯ ಕಾರಿಗೆ ಒಳ್ಳೆಯ ರಬ್ಬರೇ ಸಾಕೆಂಬುದು ಈ ಲೇಖಕನ ಅಭಿಪ್ರಾಯ.

ದೊಡ್ಡಬಳ್ಳಾಪುರದ ಸುತ್ತ

ಬೆಂಗಳೂರಿನಿಂದ ಯಲಹಂಕ ದಾಟಿ ಹಿಂದೂಪುರದತ್ತ ಹೋಗುವ ರಸ್ತೆಯೂ, ದಾಬಸ್‌ಪೇಟೆಯಿಂದ ದೇವನಹಳ್ಳಿ, ಹೊಸಕೋಟೆಗೆ ಹೋಗುವ ರಸ್ತೆಯೂ ದೊಡ್ಡಬಳ್ಳಾಪುರದಲ್ಲಿ ಸೇರುತ್ತವೆ. ಸಮೀಪದ ನಂದಿಬೆಟ್ಟದ (1,478 ಮೀಟರ್) ತಿರುವುಗಳು ಬುಷ್‌ನ ಸ್ಥಿತಿ ಹೇಳಿಬಿಡುತ್ತವೆ: ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮೂತಿ ಅಲುಗಿದರೆ ಕೆಳ ಆರ್ಮ್ ಬಿಚ್ಚಿ ನೋಡುವುದು ಒಳಿತು. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಮೊದಲ ಠಾವು. ವಿದೇಶಿ ಮಾದರಿಗಳಿಗೆ ಸಾಮಾನ್ಯವಾಗಿ ಹೊರಗಿನಿಂದ ತರಿಸಬೇಕು. ದೊಡ್ಡಬಳ್ಳಾಪುರ ಮಗ್ಗಗಳ ಊರಾದ್ದರಿಂದ ಲೇತ್ ಕೆಲಸ ಬಲ್ಲವರಿಗೆ ಇಲ್ಲಿ ಬರವಿಲ್ಲ. ಬುಷ್ ಎಳೆಯುವ ಕೊಳವೆ, ಸವೆದ ಕಣ್ಣಿಗೆ ಸ್ಲೀವ್ ಮೊದಲಾದವನ್ನು ಹಳೆಯ ಭಾಗ ತೋರಿಸಿ ಕಡೆಸಿಕೊಳ್ಳಬಹುದು. ರಬ್ಬರನ್ನು ಮಾತ್ರ ಹಾಗೆ ಮಾಡಿಸಲು ಹೋಗಬಾರದು; ಗಡಸುತನ ಹೊಂದದ ಬುಷ್ ಮೂಲ ಬುಷ್‌ನ ಅಳತೆಯಲ್ಲಿದ್ದರೂ ಕೆಲಸಕ್ಕೆ ಬಾರದು.

ನೋಂದಣಿ

2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ದಾಟಿದ ಕಾರನ್ನು ‘ವಿಎ’ ಸರಣಿಯಲ್ಲಿ ವಿಂಟೇಜ್ ಎಂದು ನೋಂದಾಯಿಸಲು ಚಾಸಿ, ಬಾಡಿ ಮತ್ತು ಎಂಜಿನ್ ಮೂಲರೂಪದಲ್ಲಿರಬೇಕು. ಸವೆದ ಬುಷ್ ಬದಲಿಸುವುದು ಮೂಲರೂಪ ಕೆಡಿಸುವ ಮಾರ್ಪಾಟಲ್ಲ. ಬ್ರಾಕೆಟ್ ಕತ್ತರಿಸಿ ಬೇರೆ ಕಾರಿನ ಆರ್ಮ್ ಬೆಸೆಯುವುದು ಬೇರೆ ಮಾತು.