ಗಿರಣಿಯ ಅಂಗಳದಲ್ಲಿ ಪೇಟೆ

ಕಳೆದ ತಿಂಗಳು ನಮ್ಮ ಸಂಘದ ಕಾರ್ಯಕ್ರಮ ಮುಗಿದ ಮೇಲೆ, ಚಹಾ ಕುಡಿಯುತ್ತ ನಿಂತವರ ನಡುವೆ ಒಂದು ವಾದ ಹತ್ತಿಕೊಂಡಿತು. ಮುಂಬಯಿಗೆ ಹೊಸದಾಗಿ ಬಂದ ಯುವಕನೊಬ್ಬ ಲೋವರ್ ಪರೇಲಿನ ಮಾಲಿನಿಂದ ನೇರವಾಗಿ ಸಭೆಗೆ ಬಂದಿದ್ದ; ಕೈಯಲ್ಲಿ ಎರಡು ಚೀಲಗಳಿದ್ದವು. "ಊರಿನ ನಟ್ಟನಡುವೆ ಇವರಿಗೆ ಇಷ್ಟೊಂದು ಜಾಗ ಹೇಗೆ ಸಿಕ್ಕಿತು?" ಎಂದು ಆತ ಸಹಜವಾಗಿಯೇ ಕೇಳಿದ. ಪರೇಲಿನಲ್ಲಿ ಬಹುಕಾಲ ಹೋಟೆಲು ನಡೆಸಿ ಈಗ ವಿಶ್ರಾಂತರಾಗಿರುವ ನಮ್ಮ ಹಿರಿಯರೊಬ್ಬರು ಲೋಟ ಕೆಳಗಿಟ್ಟು, "ಸಿಕ್ಕಿದ್ದಲ್ಲ ಮಾರಾಯ, ಮಾಡಿಕೊಂಡದ್ದು" ಎಂದರು. ಪಕ್ಕದಲ್ಲಿದ್ದ ಇನ್ನೊಬ್ಬರು ಸುಮ್ಮನಿರಲಿಲ್ಲ: "ಹಾಗಾದರೆ ಮುರುಕು ಗಿರಣಿಗಳನ್ನೇ ಇಟ್ಟುಕೊಂಡು ಕೂರಬೇಕಿತ್ತೇ? ನನ್ನ ಮಗಳಿಗೆ ಕೆಲಸ ಸಿಕ್ಕಿದ್ದು ಅದೇ ಆವರಣದ ಆಫೀಸಿನಲ್ಲಿ." ಚಹಾ ಆರಿತು, ವಾದ ಆರಲಿಲ್ಲ. ಅಂದು ಅರ್ಧಕ್ಕೇ ನಿಂತ ಆ ಮಾತನ್ನು ಮೊದಲಿನಿಂದ ಹೇಳೋಣವೆಂದು ಈ ಬರಹಕ್ಕೆ ಕೂತಿದ್ದೇವೆ.

ದಾವಣಗೆರೆಯಲ್ಲಿ ಬಿ.ಎಸ್ಸಿ. ಓದಿದ ನಮಗೆ ಮುಚ್ಚಿದ ಮಿಲ್ಲು ಹೊಸ ನೋಟವೇನಲ್ಲ. ಅಲ್ಲಿ ಹತ್ತಿಯ ಮಿಲ್ಲುಗಳು ಹೋದವು, ಬೆಣ್ಣೆದೋಸೆ ಉಳಿಯಿತು. ಆದರೆ ಮುಂಬಯಿಯಲ್ಲಿ ನಡೆದದ್ದರ ಅಳತೆಯೇ ಬೇರೆ.

ಕಾವಸಜಿ ನಾನಾಭಾಯಿ ದಾವರ್ ಎಂಬ ಪಾರ್ಸಿ ವರ್ತಕ ಈ ನಗರದ ಮೊದಲ ಹತ್ತಿ ಗಿರಣಿಯನ್ನು ತಾಡದೇವದಲ್ಲಿ 1854ರಲ್ಲಿ ಆರಂಭಿಸಿದ. 1856ರಲ್ಲಿ ಅದರ ಯಂತ್ರಗಳು ತಿರುಗತೊಡಗಿದವು. ಮುಂದೆ ಪರೇಲ್, ಲಾಲ್‌ಬಾಗ್, ವರಳಿ, ಭಾಯಖಳಾ, ಶಿವಡಿಗಳಲ್ಲಿ ಒಂದರ ಪಕ್ಕ ಒಂದು ಚಿಮಣಿ ಎದ್ದವು. ಅಂದು ಅದು ಊರ ಹೊರಗಣ ಜಾಗ. ಕಡೆಗೆ ಲೆಕ್ಕಕ್ಕೆ ಸಿಕ್ಕ ಗಿರಣಿಗಳು 58, ಅವುಗಳ ನೆಲ ಸುಮಾರು 600 ಎಕರೆ. ಈ ಪ್ರದೇಶಕ್ಕೆ ಮರಾಠಿಗರು ಗಿರಣಗಾಂವ್ ಎಂದು ಹೆಸರಿಟ್ಟರು. ನಮ್ಮ ಕಡೆ ಗಿರಣಿಯೆಂದರೆ ಹಿಟ್ಟಿನ ಗಿರಣಿ. ಆ ಹೆಸರನ್ನು ಮೊದಲ ಬಾರಿ ಕೇಳಿದಾಗ ಇಲ್ಲಿ ಜೋಳ ಬೀಸುವವರು ಬಹಳ ಇದ್ದಾರೇನೋ ಎಂದುಕೊಂಡವರು ನಾವು!

ರತ್ನಾಗಿರಿ, ಸಾತಾರಾ ಕಡೆಯಿಂದ, ಉತ್ತರ ಪ್ರದೇಶದಿಂದ, ತೆಲುಗು ನಾಡಿನಿಂದ ಕೆಲಸಗಾರರು ಬಂದರು. ಒಂದೊಂದು ಚಾಳಿನ ಖೋಲಿಯಲ್ಲಿ ಹತ್ತು ಹನ್ನೆರಡು ಜನ, ಪಾಳಿಯ ಪ್ರಕಾರ ಮಲಗುವವರು. ಮನೆಯಿಂದ ಗಿರಣಿಗೆ ನಡೆದೇ ಹೋಗುತ್ತಿದ್ದರು. ಭೋಂಗಾ ಕೂಗಿದ ಮೇಲೆ ಹೊರಟರೂ ಗೇಟು ಮುಚ್ಚುವ ಮೊದಲು ಸೇರಬಹುದಾದಷ್ಟು ಹತ್ತಿರ. ವಾಚಕರು ಈ ನಡಿಗೆಯ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಮ್ಮವರಲ್ಲಿ ಮಗ್ಗದ ಮುಂದೆ ನಿಂತವರಿಗಿಂತ ಗಿರಣಿಯ ಗೇಟಿನ ಎದುರು ನಿಂತವರೇ ಹೆಚ್ಚು. ದಕ್ಷಿಣ ಕನ್ನಡದ ಹಳ್ಳಿಗಳಿಂದ ಹುಡುಗರಾಗಿ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ತಲೆಮಾರಿನ ಕಥೆ ನಮ್ಮ ಓದುಗರಿಗೆ ಗೊತ್ತಿರುವುದೇ. ಎಷ್ಟೋ ಮನೆಗಳ ಸ್ವಂತ ಕಥೆಯದು. ಅತ್ತ ಮರಾಠಿ ಹೆಂಗಸರು ಒಂಟಿ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುವ ಖಾನಾವಳಿಗಳನ್ನು ನಡೆಸುತ್ತಿದ್ದರು. ಇಂಥ ಹೆಂಗಸರಿಗೆ ಸಾಲದ ಸೌಕರ್ಯ ಒದಗಿಸಲೆಂದೇ ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಎಂದರೆ, ಗಿರಣಗಾಂವಿನಲ್ಲಿ ಹೋಟೆಲು, ಅಂಗಡಿಗಳು ಇರಲಿಲ್ಲವೆಂದಲ್ಲ. ಇದ್ದವು, ಗೇಟಿನ ಹೊರಗಿದ್ದವು.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಷ್ಕರ ಹೂಡಲಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಆ ಮುಷ್ಕರವನ್ನು ಅಧಿಕೃತವಾಗಿ ಯಾರೂ ಹಿಂತೆಗೆದುಕೊಳ್ಳಲೇ ಇಲ್ಲ. ಒಂದೂವರೆ ವರ್ಷ ಎಳೆದು ತಾನಾಗಿ ಕರಗಿತು. ಒಂದು ಲಕ್ಷಕ್ಕೂ ಮಿಕ್ಕಿ ಜನರ ಕೆಲಸ ಹೋಯಿತು. 1983ರಲ್ಲಿ ಕೇಂದ್ರ ಸರಕಾರ 13 ಗಿರಣಿಗಳ ಆಡಳಿತವನ್ನು ವಹಿಸಿಕೊಂಡಿತು. ನಾವು ಮೇಲೆ ಹೇಳಿದ ಹಿರಿಯರು ಆ ದಿನಗಳಲ್ಲಿ ಹೋಟೆಲಿನ ಗಲ್ಲೆಯ ಮೇಲಿದ್ದವರು. ಉದ್ರಿ ಪುಸ್ತಕ ಮೊದಲು ಒಂದಿತ್ತು, ಗಣೇಶ ಚೌತಿಯ ಹೊತ್ತಿಗೆ ಮೂರಾಯಿತು ಎನ್ನುತ್ತಾರೆ. ಊರಿಗೆ ಹೋಗುವವರು ಬಂದು, "ಅಣ್ಣಾ, ಬಂದು ಕೊಡುತ್ತೇನೆ" ಎಂದು ಹೇಳಿ ಹೋಗುತ್ತಿದ್ದರಂತೆ. ಕೆಲವರು ವರ್ಷಗಳ ಮೇಲೆ ಬಂದು ಕೊಟ್ಟರು. ಉಳಿದವರ ಹೆಸರು ಆ ಪುಸ್ತಕದಲ್ಲೇ ಇವೆ, ಅವರು ಅದನ್ನು ರದ್ದಿಗೆ ಹಾಕಿಲ್ಲ.

ಗಿರಣಿ ನಿಂತಿತು, ನೆಲದ ಬೆಲೆ ನಿಲ್ಲಲಿಲ್ಲ. ಊರು ಉತ್ತರಕ್ಕೆ ಬೆಳೆದು ಬೆಳೆದು, ಒಂದು ಕಾಲದ ಹೊರವಲಯ ಈಗ ನಗರದ ಹೊಕ್ಕುಳಾಗಿತ್ತು. ಈ ನೆಲವನ್ನು ಏನು ಮಾಡಬೇಕು? ನಿಜವಾದ ವಾದ ಹುಟ್ಟಿದ್ದು ಇಲ್ಲಿ. ಕಡತಗಳ ನಡುವೆಯೇ ಜೀವ ಸವೆಸುವ ನಮ್ಮಂಥ ಗುಮಾಸ್ತರಿಗೆ ಬಹಳ ರುಚಿಸುವ ಭಾಗವೂ ಇದೇ.

1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ 58ನೆಯದು ಗಿರಣಿ ನೆಲಕ್ಕೆ ಸಂಬಂಧಿಸಿದ್ದು. ಮಾಲೀಕರು ಆ ನೆಲದಲ್ಲಿ ಹೊಸದಾಗಿ ಕಟ್ಟಬೇಕಾದರೆ ಸ್ಥೂಲವಾಗಿ ಮೂರು ಪಾಲು ಮಾಡಬೇಕು: ಒಂದು ಪಾಲು ಮಹಾನಗರಪಾಲಿಕೆಗೆ, ಉದ್ಯಾನ ಮೈದಾನಗಳಿಗಾಗಿ, ಒಂದು ಪಾಲು ಮ್ಹಾಡಾಕ್ಕೆ, ಅಂದರೆ ಸರಕಾರದ ಗೃಹನಿರ್ಮಾಣ ಸಂಸ್ಥೆಗೆ, ಬಡವರ ಮನೆಗಳಿಗಾಗಿ, ಉಳಿದ ಪಾಲು ಮಾಲೀಕರಿಗೆ. ಕೇಳಲು ಚೆನ್ನಾಗಿದೆ. ಆದರೆ ಹಳೆಯ ಶೆಡ್ಡುಗಳನ್ನು ಕೆಡವದೆ, ಹಾಗೆಯೇ ಬೇರೆ ಉಪಯೋಗಕ್ಕೆ ಹಚ್ಚಿದರೆ ಪಾಲು ಕೊಡುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಜಾಣರು ಇಷ್ಟನ್ನು ನೋಡಿಕೊಳ್ಳದೆ ಬಿಡುತ್ತಾರೆಯೇ? ನೂಲುವ ಶೆಡ್ಡುಗಳು ಆಫೀಸುಗಳಾದವು, ಜಾಹೀರಾತು ಕಂಪನಿಗಳಾದವು, ಊಟದ ಮನೆಗಳಾದವು. 1905ರಲ್ಲಿ ಸ್ಥಾಪನೆಯಾದ ಫೀನಿಕ್ಸ್ ಗಿರಣಿಯಲ್ಲಿ ತೊಂಬತ್ತರ ದಶಕದ ಕೊನೆಗೆ ಬೌಲಿಂಗ್ ಆಟದ ಅಂಕಣ ತೆರೆದಾಗ, 1989ರಿಂದ ದತ್ತಾ ಇಸ್ವಲಕರರ ನೇತೃತ್ವದಲ್ಲಿ ಹೋರಾಡುತ್ತಿದ್ದ ಗಿರಣಿ ಕಾಮಗಾರ ಸಂಘರ್ಷ ಸಮಿತಿಯವರು ಬೀದಿಗಿಳಿದರು. ಕೆಲಸ ಕೊಡಿ ಎಂದವರಿಗೆ ಚೆಂಡು ಉರುಳಿಸುವ ಸದ್ದು ಕೇಳಿಸಿದಂತಾಗಿತ್ತು.

ಇದರ ನಡುವೆ 1996ರಲ್ಲಿ ರಾಜ್ಯ ಸರಕಾರ ಪ್ರಸಿದ್ಧ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತ್ತು. ರಾಷ್ಟ್ರೀಯ ಜವಳಿ ನಿಗಮದ 25 ಗಿರಣಿಗಳನ್ನು ನೋಡಿದ ಈ ಸಮಿತಿಯ ಮಾತು ಸರಳವಾಗಿತ್ತು: ಒಂದೊಂದೇ ತುಂಡನ್ನು ಬೇರೆಬೇರೆಯಾಗಿ ಕಟ್ಟಲು ಬಿಡಬೇಡಿ, ಎಲ್ಲವನ್ನೂ ಒಂದು ನಕಾಶೆಯಲ್ಲಿ ಕೂಡಿಸಿ, ರಸ್ತೆ, ಮೈದಾನ, ಮನೆ, ಆಫೀಸುಗಳನ್ನು ಒಟ್ಟಾಗಿ ಯೋಜಿಸಿ. ವರದಿ ಬಂತು, ಜಾರಿಗೆ ಬರಲಿಲ್ಲ.

2001ರಲ್ಲಿ ನಿಯಮ 58 ತಿದ್ದುಪಡಿಯಾಯಿತು. ತಿದ್ದುಪಡಿಯ ಜೀವಾಳ 'ಖಾಲಿ ಜಾಗ' ಎಂಬ ಮಾತಿನ ಅರ್ಥ. ಒಂದು ಉದಾಹರಣೆಯಿಂದ ಹೇಳುತ್ತೇವೆ. ಹದಿನೈದು ಎಕರೆಯ ಗಿರಣಿಯೊಂದಿದೆ ಎನ್ನಿ. ಹನ್ನೆರಡು ಎಕರೆಯಲ್ಲಿ ಶೆಡ್ಡುಗಳಿವೆ, ಮೂರು ಎಕರೆ ಮೊದಲಿನಿಂದ ಖಾಲಿ. ಶೆಡ್ಡು ಕೆಡವಿದ ಮೇಲೆ ಸಿಗುವ ನೆಲವೂ ಖಾಲಿ ಜಾಗವೇ ಎಂದರೆ, ಊರಿಗೆ ಐದು ಎಕರೆ ಮೈದಾನ, ಬಡವರಿಗೆ ಐದು ಎಕರೆ. ಮೊದಲಿನಿಂದ ಖಾಲಿ ಇದ್ದದ್ದು ಮಾತ್ರ ಖಾಲಿ ಎಂದರೆ, ಊರಿಗೆ ಒಂದು ಎಕರೆ, ಬಡವರಿಗೆ ಒಂದು ಎಕರೆ, ಮಿಕ್ಕ ಹದಿಮೂರು ಎಕರೆ ಮಾಲೀಕರಿಗೆ. ಹೊಸ ನಿಯಮ ಎರಡನೆಯ ಅರ್ಥವನ್ನು ಹಿಡಿಯಿತು. ಇಪ್ಪತ್ತು ವರ್ಷ ಟಿಪ್ಪಣಿ ಬರೆದ ಅನುಭವದಿಂದ ಹೇಳುತ್ತೇವೆ, ಒಂದು ಪದದ ಬೆಲೆ ಇಷ್ಟೆಂದು ನಾವು ಬೇರೆಲ್ಲೂ ಕಂಡಿಲ್ಲ.

ಮಾಲೀಕರ ಪಕ್ಷದಲ್ಲಿ ವಾದವೇ ಇರಲಿಲ್ಲವೆನ್ನುವುದು ಅನ್ಯಾಯ. ಗಿರಣಿಗಳು ನಷ್ಟದಲ್ಲಿದ್ದವು, ಬ್ಯಾಂಕುಗಳ ಸಾಲವಿತ್ತು, ಕಾರ್ಮಿಕರ ಬಾಕಿ ಇತ್ತು. ನೆಲ ಮಾರದೆ ಆ ಹಣ ಎಲ್ಲಿಂದ ಬರಬೇಕು? ಮೂರರಲ್ಲಿ ಎರಡು ಪಾಲು ಬಿಟ್ಟುಕೊಡು ಎಂದರೆ ಯಾರೂ ಮುಂದೆ ಬರುವುದಿಲ್ಲ, ಹತ್ತು ವರ್ಷದಿಂದ ಬಂದೂ ಇಲ್ಲ ಎಂದು ಅವರು ಹೇಳಿದರು. ಹೋಟೆಲು, ಮಾಲು, ಆಫೀಸು ಬಂದರೆ ಅದೂ ಉದ್ಯೋಗವೇ ಅಲ್ಲವೇ? ಸಂಘದ ಚಹಾಕೂಟದಲ್ಲಿ ಮಗಳ ಕೆಲಸದ ಮಾತೆತ್ತಿದ ಮಿತ್ರರ ವಾದವೂ ಇದೇ. ಇದನ್ನು ತಳ್ಳಿಹಾಕಲು ನಮಗೂ ಆಗಲಿಲ್ಲ. ಆದರೆ ಮಗ್ಗ ನಡೆಸಿದ ಐವತ್ತರ ಕೈಗೆ ಆ ಉದ್ಯೋಗ ದಕ್ಕಲಿಲ್ಲ. ಬಹಳವಾದರೆ ಅವನ ಮಗ ಅದೇ ಗೇಟಿನಲ್ಲಿ ಕಾವಲುಗಾರನಾದ.

2005ರಲ್ಲಿ ಜವಳಿ ನಿಗಮ ಐದು ಗಿರಣಿಗಳನ್ನು ಮಾರಿತು: ಜ್ಯುಪಿಟರ್, ಅಪೊಲೊ, ಎಲ್ಫಿನ್‌ಸ್ಟನ್, ಕೋಹಿನೂರ್ ಮೂರನೆಯ ನಂಬರು, ಮತ್ತು ಮುಂಬಯಿ ಟೆಕ್ಸ್‌ಟೈಲ್. ಒಟ್ಟು ಬಂದದ್ದು ಸುಮಾರು 2,020 ಕೋಟಿ ರೂಪಾಯಿ. ಕೊನೆಯದೊಂದಕ್ಕೇ 702 ಕೋಟಿ. ಕೊಂಡ ಕಂಪನಿ ಏಳು ವರ್ಷದ ಮೇಲೆ, 2012ರಲ್ಲಿ, ಅದನ್ನು 2,700 ಕೋಟಿಗೂ ಹೆಚ್ಚಿಗೆ ಮಾರಿತು. ಮಾರಾಟದ ವರ್ಷವೇ ಪರಿಸರವಾದಿಗಳ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಮುಂಬಯಿ ಹೈಕೋರ್ಟಿನ ಮುಂದಿತ್ತು. ಅದೇ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರು ಮಳೆ ಸುರಿದು ಊರು ಮುಳುಗಿತು. ನೀರು ಇಂಗಲು ಬಯಲೆಲ್ಲಿದೆ ಎಂಬ ಪ್ರಶ್ನೆಗೆ ಆಮೇಲೆ ಬೇರೆಯೇ ತೂಕ ಬಂತು. ಅಕ್ಟೋಬರದಲ್ಲಿ ಹೈಕೋರ್ಟು, ಕೆಡವಿದ ನೆಲವೂ ಖಾಲಿ ಜಾಗದ ಲೆಕ್ಕಕ್ಕೆ ಬರಬೇಕೆಂದಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಿರುಗಿಸಿ 2001ರ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಾವು ಆಗ ಮುಂಬಯಿಗೆ ಬಂದ ಹೊಸಬರು. ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತು ಆ ಸುದ್ದಿ ಓದಿದವರಲ್ಲಿ ಕೆಲವರು ಪತ್ರಿಕೆ ಮಡಿಚಿ ಚಿಮಣಿಗಳ ಕಡೆ ನೋಡಿದ್ದು ನೆನಪಿದೆ.

ಮುಂದಿನದು ಕಣ್ಣ ಮುಂದೆಯೇ ನಡೆದದ್ದು. ಫೀನಿಕ್ಸ್ ಆವರಣದಲ್ಲಿ 2009ರಲ್ಲಿ ಪಲೇಡಿಯಂ ಎಂಬ ದುಬಾರಿ ಮಾಲು ತೆರೆಯಿತು. 2012ರ ಕೊನೆಗೆ ಅಲ್ಲೇ ಶಾಂಗ್ರಿ-ಲಾ ಎಂಬ ಪಂಚತಾರಾ ಹೋಟೆಲು ಬಂತು. ಮರುವರ್ಷವೇ ಅದು ಪಲೇಡಿಯಂ ಹೋಟೆಲಾಯಿತು, 2015ರಲ್ಲಿ ಸೇಂಟ್ ರೀಜಿಸ್ ಆಯಿತು. ಮೂರು ವರ್ಷಕ್ಕೆ ಮೂರು ಹೆಸರು! ನಮ್ಮವರ ಹೋಟೆಲುಗಳಲ್ಲಿ ಅರುವತ್ತು ವರ್ಷವಾದರೂ ಫಲಕ ಬದಲಾಗುವುದಿಲ್ಲ, ಬಣ್ಣ ಹಚ್ಚಿಸುವುದೇ ಕಷ್ಟ.

ಈಗ ಆ ನಡಿಗೆಯ ಸಂಗತಿಗೆ ಬರೋಣ. ಗಿರಣಿಯ ಕಾರ್ಮಿಕ ನಡೆದು ಬರುತ್ತಿದ್ದ. ಆಫೀಸಿನ ನೌಕರ ವಿರಾರಿನಿಂದ, ಕಲ್ಯಾಣದಿಂದ ರೈಲಿನಲ್ಲಿ ಬರುತ್ತಾನೆ. ಗಾಜಿನ ಗೋಪುರಗಳು ಎದ್ದವು, ಸ್ಟೇಶನ್ನಿನ ಮೆಟ್ಟಿಲುಗಳು ಮಾತ್ರ ಗಿರಣಿ ಕಾಲದವೇ ಉಳಿದವು. ಕೂಡಿಸಿ ಯೋಜಿಸಿ ಎಂದ ಸಮಿತಿಯ ಮಾತು ಕಾಗದದಲ್ಲೇ ಉಳಿದಾಗ ಹೀಗಾಗುತ್ತದೆ. 2017ರ ಸೆಪ್ಟೆಂಬರ 29ರ ಬೆಳಗ್ಗೆ, ಮಳೆಯಲ್ಲಿ, ಎಲ್ಫಿನ್‌ಸ್ಟನ್ ರೋಡ್ ಸ್ಟೇಶನ್ನಿನ ಇಕ್ಕಟ್ಟಾದ ಪಾದಚಾರಿ ಸೇತುವೆಯ ಮೇಲೆ ಕಾಲ್ತುಳಿತವಾಗಿ 23 ಜನ ಸತ್ತರು. ಅವರಲ್ಲಿ ನಮ್ಮ ಪರಿಚಯದವರು ಯಾರೂ ಇರಲಿಲ್ಲ, ಆದರೆ ಆ ಸೇತುವೆಯನ್ನು ಹತ್ತಿಳಿಯದವರು ನಮ್ಮಲ್ಲಿ ಎಷ್ಟು ಮಂದಿ? ಮೂರೇ ತಿಂಗಳಿಗೆ, ಡಿಸೆಂಬರ 29ರ ನಡುರಾತ್ರಿಯಲ್ಲಿ, ಕಮಲಾ ಮಿಲ್ಸ್ ಆವರಣದ ಛಾವಣಿಯ ಮೇಲಿನ ಊಟದ ಮನೆಗೆ ಬೆಂಕಿ ಬಿದ್ದು 14 ಜನ ತೀರಿಕೊಂಡರು.

ಹೋರಾಟದಿಂದ ಏನೂ ದಕ್ಕಲಿಲ್ಲವೆಂದೂ ಹೇಳಲಾಗದು. ಮ್ಹಾಡಾದ ಪಾಲಿಗೆ ಬಂದ ನೆಲದಲ್ಲಿ ಗಿರಣಿ ಕಾರ್ಮಿಕರಿಗೆ ಮನೆಗಳಾದವು; 2012ರಲ್ಲಿ ಸುಮಾರು ಏಳು ಸಾವಿರ ಮನೆಗಳಿಗೆ ಚೀಟಿ ಎತ್ತಿದರು, 2020ರಲ್ಲಿ 3,894ಕ್ಕೆ. ಅರ್ಜಿ ಹಾಕಿದವರು ಒಂದೂವರೆ ಲಕ್ಷಕ್ಕೂ ಹೆಚ್ಚು. ದತ್ತಾ ಇಸ್ವಲಕರ್ 2021ರಲ್ಲಿ ತೀರಿಕೊಂಡರು.

ನಮ್ಮ ಕಚೇರಿಯಲ್ಲಿ ಒಬ್ಬ ಸಿಪಾಯಿ ಇದ್ದಾನೆ. ಅವನ ತಂದೆ ಲಾಲ್‌ಬಾಗಿನ ಗಿರಣಿಯೊಂದರಲ್ಲಿ ದುಡಿದವರು. ಅರ್ಜಿ ತಂದೆಯ ಹೆಸರಿನಲ್ಲಿದೆ, ಈಗ ತಂದೆಯಿಲ್ಲ. ಮುಂಬಯಿಯಲ್ಲಿ ಜಾಗ ಸಾಲದೆಂದು ಸರಕಾರ ಶೇಲು, ವಾಂಗಣಿಗಳಲ್ಲಿ ಮನೆ ಕೊಡುವ ಯೋಜನೆ ತಂದಿದೆ. ಬದ್ಲಾಪುರವನ್ನೂ ದಾಟಿ, ನೇರಳ್ ಬರುವ ಮೊದಲಿನ ಸ್ಟೇಶನ್ನುಗಳವು. ಮನೆ ಮುಂಬಯಿಯಲ್ಲೇ ಬೇಕೆಂದು ಕಾರ್ಮಿಕರು 2025ರಲ್ಲಿ ಆಜಾದ್ ಮೈದಾನದಲ್ಲಿ ಕೂತಾಗ ಇವನೂ ಒಂದು ದಿನದ ರಜೆ ಹಾಕಿ ಹೋಗಿದ್ದ. ಮೊನ್ನೆ ಒಂದು ಕಾಗದ ತಂದು, "ಸಾಹೇಬ್, ಇದರಲ್ಲಿ ಒಪ್ಪಿಗೆ ಎಂದು ಬರೆದರೆ ಮುಂಬಯಿಯ ಹಕ್ಕು ಹೋಗುತ್ತದೆಯೇ, ನೋಡಿ ಹೇಳಿ" ಎಂದ. ಎರಡು ಬಾರಿ ಓದಿದೆವು. ಹೋಗುತ್ತದೆಂದೂ ಇಲ್ಲ, ಉಳಿಯುತ್ತದೆಂದೂ ಇಲ್ಲ. ಸಹಿ ಮಾಡಬೇಡ, ತಿಳಿದವರನ್ನು ಕೇಳೋಣ ಎಂದು ಆ ಕಾಗದವನ್ನು ನಮ್ಮ ಮೇಜಿನ ಖಾನೆಯಲ್ಲಿಟ್ಟಿದ್ದೇವೆ. ದಿನಾ ಬೆಳಗ್ಗೆ ನೀರಿನ ಲೋಟ ಇಡುವಾಗ ಅವನ ಕಣ್ಣು ಆ ಖಾನೆಯ ಕಡೆ ಹೋಗುತ್ತದೆ.