ತೋಳಗಳ ಸಮಾಜವ್ಯವಸ್ಥೆ

ತೋಳದ ಹಿಂಡಿನಲ್ಲಿ ಬಲಾಬಲಗಳಿಂದ ನಿರ್ಣೀತವಾದ ಮೇಲುಕೀಳಿನ ಶ್ರೇಣಿಯೊಂದಿದೆಯೆಂದೂ, ಅದರ ಶಿಖರದಲ್ಲಿ ಆಲ್ಫಾ, ಅದರ ಕೆಳಗೆ ಬೀಟಾ, ಎಲ್ಲರ ಹಿಂಸೆಯನ್ನೂ ಸಹಿಸುತ್ತ ಕಟ್ಟಕಡೆಯಲ್ಲಿ ಒಮೆಗಾ ನಿಲ್ಲುವುವೆಂದೂ ಹೇಳುವ ಕಲ್ಪನೆ ಇಪ್ಪತ್ತನೆಯ ಶತಮಾನದ ಪ್ರಾಣಿಶಾಸ್ತ್ರದಿಂದ ಜನಸಾಮಾನ್ಯರಿಗೆ ಬಂದುದು. ಕಲ್ಪಿತ ಲೋಕಗಳನ್ನು ನಿರ್ಮಿಸುವ ಇತ್ತೀಚಿನ ಕಥೆಗಾರರು ಈ ಮೂರು ಹೆಸರುಗಳನ್ನು ಮನುಷ್ಯರಿಗೂ ಹಚ್ಚಿ, ವಿವಾಹ, ಅಧಿಕಾರ, ಸಹಜಪ್ರವೃತ್ತಿಗಳೆಲ್ಲವನ್ನೂ ಅವುಗಳ ಮೇಲೆಯೇ ಕಟ್ಟಿದ್ದಾರೆ. ಆದರೆ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನಂಥ ದಖ್ಖನದ ಒಣಬಯಲಿನಲ್ಲಿ ಸ್ವಚ್ಛಂದವಾಗಿ ಬಾಳುವ ತೋಳಕ್ಕೆ ಈ ಶ್ರೇಣಿ ಸಲ್ಲದು; ಅದರ ಹಿಂಡೆಂದರೆ ತಾಯಿ, ತಂದೆ ಮತ್ತು ಮಕ್ಕಳ ಒಂದು ಸಂಸಾರ.

ಶ್ರೇಣಿಯ ಕಲ್ಪನೆ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮೃಗಾಲಯದಲ್ಲಿ. ಅಲ್ಲಿನ ಕಿರಿದಾದ ಆವರಣದಲ್ಲಿ ಸೆರೆಯಾಗಿದ್ದ ತೋಳಗಳನ್ನು ಅವಲೋಕಿಸಿದ ರುಡಾಲ್ಫ್ ಶೆಂಕೆಲ್, ಅವುಗಳ ಕಲಹಗಳನ್ನೂ ಶರಣಾಗತಿಗಳನ್ನೂ 1947ರಲ್ಲಿ ಸವಿಸ್ತಾರವಾಗಿ ವರ್ಣಿಸಿದನು. ಅಮೆರಿಕದ ಡೇವಿಡ್ ಮೀಚ್ 1970ರ ತನ್ನ ಗ್ರಂಥದಲ್ಲಿ ಇದನ್ನೇ ಲೋಕಪ್ರಸಿದ್ಧಗೊಳಿಸಿದನು. ತರುವಾಯ, 1986ರಿಂದ ಮೊದಲ್ಗೊಂಡು ಅನೇಕ ಬೇಸಗೆಗಳನ್ನು ಕೆನಡದ ಎಲ್ಸ್‌ಮಿಯರ್ ದ್ವೀಪದ ಕಾಡುತೋಳಗಳ ಸನ್ನಿಧಿಯಲ್ಲಿ ಕಳೆದ ಆತನೇ, ಹಿರಿಯ ಜೋಡಿಯ ಪ್ರಾಬಲ್ಯವು ಕಾದಾಡಿ ಗೆದ್ದುದಲ್ಲ, ಹೆತ್ತವರಿಗೆ ಸಹಜವಾಗಿ ಪ್ರಾಪ್ತವಾದುದೆಂದು 1999ರಲ್ಲಿ ಬರೆದನು. ಹಳೆಯ ಗ್ರಂಥದ ಮುದ್ರಣವನ್ನು ನಿಲ್ಲಿಸಬೇಕೆಂದು ಪ್ರಕಾಶಕರನ್ನು ಪದೇ ಪದೇ ಬೇಡಿಕೊಂಡನು, 2022ರಲ್ಲಿ ಅದು ನಿಂತಿತು. ವಿದ್ವತ್ತಿಗೆ ಭೂಷಣವಾದ ನಡೆ ಇದು. ಬಯಲಿನಲ್ಲಿ ಹಿರಿಯರೊಡನೆ ಹೊಂದದ ಮರಿ ಬೆಳೆದೊಡನೆ ಹೊರಟುಹೋಗುತ್ತದೆ. ಬೇಲಿಯೊಳಗಿನ ಮರಿ ಹೊರಹೋಗಲು ದಾರಿಯಿಲ್ಲದುದರಿಂದ ಅಲ್ಲಿಯೇ ಉಳಿದು ಪೆಟ್ಟುತಿನ್ನುತ್ತದೆ. ಒಮೆಗಾ ಎಂಬ ದೀನಮೂರ್ತಿ ಬಹುಮಟ್ಟಿಗೆ ಬೇಲಿಯ ಸೃಷ್ಟಿ.

ಭಾರತದ ತೋಳವನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದವನು ದಖ್ಖನದಲ್ಲಿಯೇ ಸಂಚರಿಸಿದ ಕಂಪನಿ ಸರ್ಕಾರದ ಅಧಿಕಾರಿ ಸೈಕ್ಸ್, 1831ರಲ್ಲಿ. ಉತ್ತರದೇಶಗಳ ತೋಳಕ್ಕಿಂತ ಇದು ಕೃಶಾಂಗಿ, ಇದರ ರೋಮ ವಿರಳ, ಹಿಂಡೂ ಚಿಕ್ಕದು. ಸುಮಾರು 2 ತಿಂಗಳ ಗರ್ಭವನ್ನು ಹೊತ್ತು ತಾಯಿ ಸಾಮಾನ್ಯವಾಗಿ ಚಳಿಗಾಲದಲ್ಲಿ, ಹಳ್ಳದ ದಂಡೆಯ ಅಥವಾ ಪೊದೆಯ ಮರೆಯ ಗುಹೆಯಲ್ಲಿ, ಕಣ್ಣು ತೆರೆಯದ ಮರಿಗಳನ್ನು ಈಯುತ್ತದೆ. ಆಗ ತಂದೆಯೂ ಹಿಂದಿನ ವರ್ಷದ ಮಕ್ಕಳೂ ಬೇಟೆಯಾಡಿ, ಹೊಟ್ಟೆಯಲ್ಲಿ ಹೊತ್ತುತಂದ ಮಾಂಸವನ್ನು ಗುಹೆಯ ಬಾಯಲ್ಲಿ ಕಕ್ಕಿ ಉಣಿಸುತ್ತವೆ. ಕಿವಿಯನ್ನು ಹಿಂದಕ್ಕೊತ್ತಿ, ಬಾಲವನ್ನು ತಗ್ಗಿಸಿ, ಹಿರಿಯರ ಮೂತಿಯನ್ನು ನೆಕ್ಕುವ ಭಂಗಿಯನ್ನು ದಾಸ್ಯದ ಲಕ್ಷಣವೆಂದು ತಿಳಿದವರುಂಟು. ಅದು ಮರಿ ತುತ್ತನ್ನು ಬೇಡುವ ಭಂಗಿಯೇ ದೊಡ್ಡತನದಲ್ಲಿಯೂ ಉಳಿದುಬಂದುದು. ಪ್ರಾಯದ ಮಕ್ಕಳು ಸಾಮಾನ್ಯವಾಗಿ 1ರಿಂದ 3 ವರ್ಷದೊಳಗೆ ಮನೆಬಿಟ್ಟು, ಸಂಗಾತಿಯನ್ನರಸಿ ಬಹುದೂರ ಅಲೆದು, ಬೇರೆ ಸಂಸಾರ ಹೂಡುತ್ತವೆ.

ಜತ್ತದ ಮೂಡಣ ಭಾಗದ ಕನ್ನಡ ಹಳ್ಳಿಗಳು ವಿಜಯಪುರ ಜಿಲ್ಲೆಗೆ ಹೊಂದಿಕೊಂಡ ಮಳೆನೆರಳಿನ ನಾಡು. ಎತ್ತರದ ಕಾಲುಗಳೂ ಬಾಗಿದ ಮೂಗೂ ಉಳ್ಳ, ಬಿಳಿಯ ಮೈಮೇಲೆ ಕಂದುಮಚ್ಚೆಗಳ ಮಾಡಗ್ಯಾಳ ಕುರಿ ಇದೇ ತಾಲ್ಲೂಕಿನ ಮಾಡಗ್ಯಾಳ ಊರಿನಿಂದ ಹೆಸರು ಪಡೆದಿದೆ. ಕೃಷ್ಣಮೃಗ ವಿರಳವಾದ ಬಯಲಿನಲ್ಲಿ ತೋಳವು ಕುರಿಮೇಕೆಗಳನ್ನು ನೆಚ್ಚಿ ಬದುಕಬೇಕಾಗಿ ಬಂದಿರುವುದರಿಂದ, ಹೊಲಗಳಲ್ಲಿ ಕುರಿ ನಿಲ್ಲಿಸಿ ಕಂಬಳಿ ಹೊದ್ದು ರಾತ್ರಿಯೆಲ್ಲ ಕಾಯುವ ಕುರುಬರಿಗೂ ಧನಗರರಿಗೂ ಅದು ನಿತ್ಯದ ಭಯ. ಒಂದು ಕುರಿ ಹೋದರೆ ಬಡವನ ವರ್ಷದ ಲೆಕ್ಕವೇ ತಪ್ಪುವುದರಿಂದ ಆ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ನಷ್ಟಕ್ಕೆ ತಕ್ಕ ಪರಿಹಾರ ತ್ವರಿತವಾಗಿ ಸಿಗದೆ ತೋಳದ ರಕ್ಷಣೆಯೂ ಸಾಧ್ಯವಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಥಮ ಅನುಸೂಚಿಯಲ್ಲಿ ತೋಳಕ್ಕೆ ಸ್ಥಾನವಿದ್ದರೂ ದೇಶದಲ್ಲಿ ಅದರ ಸಂಖ್ಯೆ ಸುಮಾರು 3,000 ಎಂಬ ಅಂದಾಜಿದೆ. ಹುಲ್ಲುಗಾವಲನ್ನು ಪಾಳುನೆಲವೆಂದು ಎಣಿಸಿ ಉಳುವುದು, ಬೀದಿನಾಯಿಗಳಿಂದ ತಗಲುವ ಹುಚ್ಚುರೋಗ, ಗುಹೆಗೆ ಹೊಗೆಹಾಕಿ ಮರಿಗಳನ್ನು ಕೊಲ್ಲುವುದು, ಇವು ಅದರ ಕ್ಷಯಕ್ಕೆ ಕಾರಣಗಳು. ಹಿರಿಯ ಜೋಡಿಯಲ್ಲೊಂದು ಹತವಾದರೆ ಬೇಟೆಯನ್ನೂ ಮರಿಗಳ ಪೋಷಣೆಯನ್ನೂ ನಡೆಸುವವರಿಲ್ಲದೆ ಸಂಸಾರ ಚದುರಬಹುದು; ಸ್ವಜಾತಿಯ ಸಂಗಾತಿ ದೊರೆಯದ ತೋಳ ನಾಯಿಯೊಡನೆ ಕೂಡುವುದೂ ಉಂಟು, ಅಂಥ ಮಿಶ್ರಸಂತಾನವು ಪುಣೆಯ ಆಸುಪಾಸಿನಲ್ಲಿ ಈಗಾಗಲೇ ಕಂಡುಬಂದಿದೆ.