ಅಥಣಿಯ ಅಟ್ಟೆ, ಜೈಪುರದ ಪಾದ

ಅಥಣಿ, ನಿಪ್ಪಾಣಿ ಕಡೆಯ ಸಮಗಾರರು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಮಾಡಿದ ತೊಗಲನ್ನು ರಂಪಿಗೆಯಿಂದ ಕೊಯ್ದು, ಮೊಳೆಯಿಲ್ಲದೆ ತೊಗಲಿನ ಎಳೆಯಲ್ಲೇ ಚಪ್ಪಲಿ ಹೊಲಿಯುತ್ತ ಬಂದವರು. ಹೆಜ್ಜೆಯ ಭಾರ ಎಲ್ಲಿ ಬೀಳುತ್ತದೆಂಬುದು ಅವರ ಕೈಗೆ ಗೊತ್ತು. ಅದನ್ನೇ ಬಯೋಮೆಡಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ವಿದ್ಯಾರ್ಥಿಗಳು ಬಯೋಮೆಕಾನಿಕ್ಸ್ ಎಂದು ಓದುತ್ತಾರೆ.

ಈ ಎರಡು ವಿದ್ಯೆಗಳು ಒಮ್ಮೆ ಜೈಪುರದಲ್ಲಿ ಕೂಡಿದ್ದವು. 1968ರ ಹೊತ್ತಿಗೆ, ಹೆಚ್ಚು ಶಾಲೆ ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆವೈದ್ಯ ಪಿ.ಕೆ. ಸೇಠಿ ಸೇರಿ ರಬ್ಬರಿನ ಕೃತಕ ಪಾದ ಮಾಡಿದರು. ವಿದೇಶಿ ಪಾದಕ್ಕೆ ಬೂಟು ಬೇಕಿತ್ತು. ಇದನ್ನು ತೊಟ್ಟು ಕುಕ್ಕರಗಾಲಲ್ಲಿ ಕೂರಬಹುದಿತ್ತು, ಕೆಸರುಗದ್ದೆಯಲ್ಲೂ ನಡೆಯಬಹುದಿತ್ತು. 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸೇಠಿಯವರಿಗೆ, ರಾಮಚಂದ್ರರಿಗಲ್ಲ. ಮುಂದೆ ಸ್ಟ್ಯಾನ್‌ಫೋರ್ಡಿನ ಸ್ನಾತಕೋತ್ತರ ವಿದ್ಯಾರ್ಥಿಗಳು ಜೈಪುರದ ಸಂಸ್ಥೆಯೊಂದಿಗೆ ಅಗ್ಗದ ಕೃತಕ ಮಂಡಿ ರೂಪಿಸಿದರು.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಮಾನ್ಯತೆ ಸಿಕ್ಕಾಗ ಬೆಳಗಾವಿ ಸೇರಿ ಕರ್ನಾಟಕದ 4, ಮಹಾರಾಷ್ಟ್ರದ 4 ಜಿಲ್ಲೆಗಳಿಗೆ ಅದರಲ್ಲಿ ಪಾಲು ಬಂತು. ಹೆಸರು ಮಾತ್ರ ಕೊಲ್ಹಾಪುರದ್ದು. ಇತ್ತ 1998ರಿಂದ ತಾಂತ್ರಿಕ ವಿಶ್ವವಿದ್ಯಾಲಯವೂ ಬೆಳಗಾವಿಯಲ್ಲೇ ಇದೆ. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದಗಳಿಗೆ ಹುಣ್ಣಾಗದಂಥ ಮೆಟ್ಟು ಬೇಕು. ಅದಕ್ಕಾಗಿ ಸಂಶೋಧನಾ ವಿದ್ಯಾರ್ಥಿಯೊಬ್ಬ ಅಥಣಿಯ ಓಣಿಗೆ ಬಂದು ಕೂತರೆ ಇಬ್ಬರೂ ಕಲಿಯುವುದಿದೆ. ಆದರೆ ಕೊನೆಗೆ ಪ್ರಬಂಧದ ಮೇಲೆ ಎರಡೂ ಹೆಸರಿರಬೇಕು.